ಕೊರಳಿಗೆ ಕಟ್ಟಿದ ಹಲಗೆ

1860ರ ದಶಕದಲ್ಲಿ ವೇಲ್ಸ್‌ನ ಉತ್ತರ ಗುಡ್ಡಗಾಡಿನ ಲಾನ್ಯುಕ್‌ಲಿನ್ ಎಂಬ ಹಳ್ಳಿಯ ಶಾಲೆಗೆ ಓವೆನ್ ಎಂಬ ಹುಡುಗ ಸೇರಿದ. ಬಡ ರೈತರ ಮನೆಯ ಹಿರಿಮಗ. ಮನೆಯಲ್ಲಿ, ಹೊಲದಲ್ಲಿ, ಚಾಪೆಲ್‌ನಲ್ಲಿ ಅವನು ಕೇಳಿದ್ದು ವೆಲ್ಷ್ ಭಾಷೆಯನ್ನು ಮಾತ್ರ. ಶಾಲೆಯಲ್ಲಿ ನಡೆಯುತ್ತಿದ್ದದ್ದು ಪೂರಾ ಇಂಗ್ಲಿಷ್. ಗೊತ್ತಿದ್ದ ಒಂದೇ ಭಾಷೆಯಲ್ಲಿ ಹುಡುಗ ಬಾಯಿ ಬಿಟ್ಟ. ಅಷ್ಟಕ್ಕೇ ದಾರಕ್ಕೆ ಪೋಣಿಸಿದ ಮರದ ತುಂಡೊಂದು ಅವನ ಕೊರಳಿಗೆ ಬಿತ್ತು.

ಆ ತುಂಡನ್ನು ‘ವೆಲ್ಷ್ ನಾಟ್’ ಎಂದು ಕರೆಯುತ್ತಿದ್ದರು. ವೆಲ್ಷ್ ಮಾತಾಡಿದ ಮಗು ಅದನ್ನು ಧರಿಸಬೇಕು. ಇನ್ನೊಂದು ಮಗು ವೆಲ್ಷ್ ಮಾತಾಡಿದ್ದನ್ನು ಹಿಡಿದುಕೊಟ್ಟರೆ ಹಲಗೆ ಅದರ ಕೊರಳಿಗೆ ದಾಟುತ್ತದೆ. ಸಂಜೆ ಗಂಟೆ ಹೊಡೆಯುವಾಗ ಯಾರ ಕೊರಳಲ್ಲಿದೆಯೋ ಅವರಿಗೆ ಬೆತ್ತದ ಏಟು. ಓವೆನ್ ಯಾರನ್ನೂ ಹಿಡಿದುಕೊಡಲಿಲ್ಲ. ಹಾಗಾಗಿ ಶಾಲೆಯ ಯಾವ ಮೂಲೆಯಿಂದ ಹೊರಟರೂ ಹಲಗೆ ದಿನದ ಕೊನೆಗೆ ಅವನಲ್ಲಿಗೇ ಬಂದು ಸೇರುತ್ತಿತ್ತು. ದೊಡ್ಡವನಾದ ಮೇಲೆ ತನ್ನ ನೆನಪುಗಳ ಪುಸ್ತಕದಲ್ಲಿ ಅವನು ಇದನ್ನು ಬರೆದಿದ್ದಾನೆ. ಏಟು ತಿಂದದ್ದಕ್ಕಿಂತಲೂ, ತಾನು ತಪ್ಪಿಸಿಕೊಳ್ಳಲು ಇನ್ನೊಬ್ಬ ಹುಡುಗನ ಮಾತಿಗೆ ಕಿವಿಗೊಟ್ಟು ಕಾಯಲಿಲ್ಲವಲ್ಲ ಎಂಬ ಸಮಾಧಾನವೇ ಆ ಬರಹದಲ್ಲಿ ದೊಡ್ಡದಾಗಿದೆ.

ಆ ಊರಿನ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆಯಲು ಆಗುವುದಿಲ್ಲ. ‘ಲ’ ಹೇಳುವಂತೆ ನಾಲಗೆ ಇಟ್ಟು, ದನಿ ಹೊರಡಿಸದೆ, ಬದಿಗಳಿಂದ ಉಸಿರು ಊದಿದರೆ ಅದರ ಮೊದಲ ಧ್ವನಿ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಆ ಧ್ವನಿ ಇಲ್ಲ, ನಮ್ಮಲ್ಲೂ ಇಲ್ಲ. ಹಳಗನ್ನಡದ ೞಕಾರ ನಮ್ಮ ಬಾಯಿಂದ ಹೋದ ಹಾಗೆ ಈ ಧ್ವನಿಯೂ ಹೋಗಿಬಿಡುವುದರಲ್ಲಿತ್ತು, ಒಂದು ಧ್ವನಿಯಷ್ಟೇ ಅಲ್ಲ, ಇಡೀ ಭಾಷೆಯ ಜೊತೆಗೆ. ಹೋಗಲಿಲ್ಲ. ಜಗತ್ತಿನ ಭಾಷೆ ಎನಿಸಿಕೊಂಡ ಇಂಗ್ಲಿಷ್ ಹುಟ್ಟಿದ ನೆಲಕ್ಕೆ ಒರಗಿಕೊಂಡೇ ಇರುವ ಒಂದು ಸಣ್ಣ ನುಡಿ ಹೇಗೆ ಉಳಿಯಿತು, ಉಳಿಯುವ ಮೊದಲು ಎಷ್ಟು ಕಳೆದುಕೊಂಡಿತು ಎನ್ನುವುದು ನನ್ನನ್ನು ಬಹುಕಾಲದಿಂದ ಕಾಡಿರುವ ಕಥೆ.

ವೇಲ್ಸನ್ನು ಇಂಗ್ಲೆಂಡಿನ ಆಡಳಿತಕ್ಕೆ ಪೂರ್ತಿಯಾಗಿ ಸೇರಿಸಿಕೊಂಡದ್ದು ಎಂಟನೇ ಹೆನ್ರಿಯ ಕಾಲದ 1536 ಮತ್ತು 1542ರ ಕಾಯ್ದೆಗಳು. ನ್ಯಾಯಾಲಯದ ಭಾಷೆ ಇಂಗ್ಲಿಷ್ ಎಂದಾಯಿತು. ವೆಲ್ಷ್ ಬಳಸುವವರಿಗೆ ಸರ್ಕಾರಿ ಹುದ್ದೆ ಇಲ್ಲ ಎಂದಾಯಿತು. ಜಮೀನ್ದಾರರು ಬೇಗನೆ ಇಂಗ್ಲಿಷಿಗೆ ಹೊರಳಿದರು. ಆದರೆ ಅದೇ ಶತಮಾನದಲ್ಲಿ ಅದೇ ಲಂಡನ್ ಸರ್ಕಾರ ಇನ್ನೊಂದು ಕೆಲಸವನ್ನೂ ಮಾಡಿತು. ಪ್ರಾಟೆಸ್ಟೆಂಟ್ ಮತ ಜನರಿಗೆ ಬೇಗ ಮುಟ್ಟಲಿ ಎಂದು ಬೈಬಲ್ಲನ್ನು ವೆಲ್ಷ್‌ಗೆ ಅನುವಾದಿಸಲು 1563ರಲ್ಲಿ ಪಾರ್ಲಿಮೆಂಟೇ ಆದೇಶಿಸಿತು. 1588ರಲ್ಲಿ ವಿಲಿಯಂ ಮಾರ್ಗನ್ ಎಂಬ ಪಾದ್ರಿಯ ಪೂರ್ಣ ಅನುವಾದ ಅಚ್ಚಾಯಿತು. ನ್ಯಾಯಾಲಯದಲ್ಲಿ ಬಾಯಿ ಕಳೆದುಕೊಂಡ ಭಾಷೆಗೆ ದೇವರ ಮುಂದೆ ಮಾತಾಡುವ ಹಕ್ಕು ಸಿಕ್ಕಿತು. ಹದಿನೆಂಟನೇ ಶತಮಾನದಲ್ಲಿ ಗ್ರಿಫಿತ್ ಜೋನ್ಸ್ ಎಂಬ ಇನ್ನೊಬ್ಬ ಪಾದ್ರಿ ಸಂಚಾರಿ ಶಾಲೆಗಳನ್ನು ಕಟ್ಟಿದ. ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಮೇಷ್ಟರು ಒಂದು ಊರಿಗೆ ಬಂದು, ಮೂರು ತಿಂಗಳು ಕೂತು, ಮಕ್ಕಳಿಗೂ ಮುದುಕರಿಗೂ ಅವರ ಮಾತಿನಲ್ಲೇ ಓದು ಕಲಿಸಿ ಮುಂದಿನ ಊರಿಗೆ ಹೋಗುತ್ತಿದ್ದರು. ಹೀಗೆ ಯುರೋಪಿನ ಒಂದು ಬಡ ಮೂಲೆ ತನ್ನ ಭಾಷೆಯಲ್ಲಿ ಓದಬಲ್ಲ ನಾಡಾಯಿತು.

ಆ ನಾಡಿನಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಅಶಾಂತಿ ಎದ್ದಿತು. 1839ರಲ್ಲಿ ನ್ಯೂಪೋರ್ಟ್‌ನಲ್ಲಿ ಮತದಾನದ ಹಕ್ಕು ಕೇಳಿ ಬಂದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದರು. ಅದೇ ವರ್ಷದಿಂದ ನೈಋತ್ಯದ ರೈತರು ರಾತ್ರಿ ಹೆಂಗಸರ ವೇಷ ಹಾಕಿಕೊಂಡು ಸುಂಕದ ಕಟ್ಟೆಗಳನ್ನು ಒಡೆಯತೊಡಗಿದರು. ಲಂಡನ್ನಿಗೆ ಗಾಬರಿ ಹತ್ತಿತು. ಈ ಜನ ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಎಂಬುದೇ ಆಳುವವರಿಗೆ ತಿಳಿಯುತ್ತಿರಲಿಲ್ಲ. 1846ರ ಮಾರ್ಚ್ 10ರಂದು ವಿಲಿಯಂ ವಿಲಿಯಮ್ಸ್ ಎಂಬ ಸಂಸದ ವೇಲ್ಸ್‌ನ ಶಿಕ್ಷಣದ ಸ್ಥಿತಿಯ ಬಗ್ಗೆ, ಮುಖ್ಯವಾಗಿ ಬಡವರು ಇಂಗ್ಲಿಷ್ ಕಲಿಯಲು ಇರುವ ಅನುಕೂಲಗಳ ಬಗ್ಗೆ, ವಿಚಾರಣೆ ನಡೆಯಲಿ ಎಂದು ಕೇಳಿದ. ಇಂಗ್ಲೆಂಡಿನ ಕವೆಂಟ್ರಿಯಿಂದ ಆರಿಸಿ ಬಂದಿದ್ದ ಅವನು ಹುಟ್ಟಿದ್ದು ವೇಲ್ಸ್‌ನ ಹಳ್ಳಿಯಲ್ಲಿ. ಲಂಡನ್ನಿನಲ್ಲಿ ವ್ಯಾಪಾರ ಮಾಡಿ ಸಿರಿವಂತನಾಗಿದ್ದ. ತನ್ನವರೂ ಹಾಗೇ ಮೇಲೆ ಬರಲಿ ಎಂದು ಬಯಸಿದ. ಅವನ ಉದ್ದೇಶವನ್ನು ನಾನು ಸಂಶಯಿಸುವುದಿಲ್ಲ.

ಲಿಂಗನ್, ಸೈಮನ್ಸ್, ವಾನ್ ಜಾನ್ಸನ್ ಎಂಬ ಮೂವರು ಕಮಿಷನರುಗಳು ನೇಮಕವಾದರು. ಮೂವರೂ ಇಂಗ್ಲಿಷರು, ಮೂವರಿಗೂ ವೆಲ್ಷ್ ಬರುತ್ತಿರಲಿಲ್ಲ. ವೇಲ್ಸ್‌ನ ಬಹುಪಾಲು ಜನ ಆಂಗ್ಲಿಕನ್ ಚರ್ಚಿನಿಂದ ಹೊರಬಂದು ತಮ್ಮದೇ ಚಾಪೆಲ್‌ಗಳಿಗೆ ಹೋಗುತ್ತಿದ್ದರು. ಸಾಕ್ಷಿ ಹೇಳಿದವರಲ್ಲಿ ಬಹುಪಾಲು ಆಂಗ್ಲಿಕನ್ನರು. ವಿಚಾರಣೆಗೆ ಬಂದವರು ತರಗತಿಗಳಲ್ಲಿ ಮಕ್ಕಳನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಅರ್ಥವಾಗದ ಮಕ್ಕಳು ಸುಮ್ಮನೆ ನಿಂತವು. ಆ ಮೌನ ವರದಿಯಲ್ಲಿ ಅಜ್ಞಾನ ಎಂದು ದಾಖಲಾಯಿತು.

1847ರಲ್ಲಿ ವರದಿ ಹೊರಬಂತು. ನೀಲಿ ರಟ್ಟಿನ ಮೂರು ಸಂಪುಟ, 1,252 ಪುಟ. ಶಾಲೆಗಳ ದುಸ್ಥಿತಿಯ ಬಗ್ಗೆ ಅದು ಹೇಳಿದ್ದರಲ್ಲಿ ಸತ್ಯ ಬಹಳವಿತ್ತು. ಮಣ್ಣಿನ ನೆಲ, ಒಡೆದ ಬೆಂಚು, ಬೇರೆ ಕೆಲಸಕ್ಕೆ ಆಗದೆ ಮೇಷ್ಟರಾದ ಜನ, ಇವೆಲ್ಲ ಇದ್ದವು. ಆದರೆ ವರದಿ ಅಲ್ಲಿಗೆ ನಿಲ್ಲಲಿಲ್ಲ. ವೆಲ್ಷರ ಬಡತನಕ್ಕೆ, ಹಿಂದುಳಿದಿರುವಿಕೆಗೆ, ನೀತಿಗೇಡಿತನಕ್ಕೆ ಅವರ ಭಾಷೆಯೇ ಕಾರಣ ಎಂದಿತು. ಆ ಭಾಷೆ ಪ್ರಗತಿಗೆ ಅಡ್ಡ ಕಟ್ಟಿದ ಗೋಡೆ ಎಂದಿತು. ವೇಲ್ಸ್‌ನ ಹೆಂಗಸರ ಶೀಲದ ಮೇಲೂ ಕೆಸರೆರಚಿತು.

ಹಲಗೆಯ ಬಗ್ಗೆಯೂ ಆ ವರದಿಯಲ್ಲಿದೆ, ಅಂದರೆ 1847ಕ್ಕೆ ಮುಂಚೆಯೇ ಅದು ಬಳಕೆಯಲ್ಲಿತ್ತು. ಮಕ್ಕಳು ಕೊರಳಿನ ಹಲಗೆ ದಾಟಿಸುವುದಕ್ಕಾಗಿ ಸಹಪಾಠಿಗಳ ಮನೆಗೆ ಕಳ್ಳಹೆಜ್ಜೆಯಲ್ಲಿ ಹೋಗಿ, ಅವರು ಅಪ್ಪ ಅಮ್ಮನೊಡನೆ ವೆಲ್ಷ್ ಆಡುವುದನ್ನು ಹಿಡಿಯಲು ಹೊಂಚುತ್ತಿದ್ದರೆಂದು ಕಮಿಷನರುಗಳೇ ದಾಖಲಿಸಿದ್ದಾರೆ, ಅದು ಕೆಟ್ಟ ಪರಿಣಾಮ ಎಂದೂ ಒಪ್ಪಿದ್ದಾರೆ. ಇದನ್ನು ಓದಿದಾಗ ನನಗೆ ಬೆತ್ತದ ಏಟು ಸಣ್ಣದಾಗಿ ಕಂಡಿತು. ತಾಯಿ ರೊಟ್ಟಿ ಕೊಡುತ್ತಾ ಆಡಿದ ಮಾತಿಗೆ ಮಗು ಉತ್ತರ ಕೊಟ್ಟರೆ ಕಿಟಕಿಯಾಚೆ ಗೆಳೆಯನೇ ಗೂಢಚಾರನಾಗಿ ನಿಂತಿದ್ದಾನೆ.

ಸರ್ಕಾರ ಇಂಥ ಹಲಗೆ ಕಟ್ಟಿ ಎಂದು ಆದೇಶ ಹೊರಡಿಸಿರಲಿಲ್ಲ. ಕಟ್ಟಿದವರು ಊರಿನ ಮೇಷ್ಟರು, ಅನೇಕ ಸಲ ಸ್ವತಃ ವೆಲ್ಷ್ ಮಾತಾಡುವವರು. ಮಗನಿಗೆ ನಾಲ್ಕು ಇಂಗ್ಲಿಷ್ ಅಕ್ಷರ ಬಂದರೆ ಕಲ್ಲುಗಣಿಯಲ್ಲಿ ಬೆನ್ನು ಮುರಿಯುವುದು ತಪ್ಪೀತು ಎಂದುಕೊಂಡ ತಂದೆ ತಾಯಿ ಒಪ್ಪಿಗೆ ಕೊಟ್ಟಿದ್ದರು. ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತಾನು ಓದಿದ ವಸಾಹತುಶಾಹಿ ಶಾಲೆಯಲ್ಲಿ ಗಿಕುಯು ಮಾತಾಡಿದ ಮಕ್ಕಳ ಕೊರಳಿಗೂ ಹೀಗೇ ಫಲಕ ಹಾಕುತ್ತಿದ್ದುದನ್ನು ಬರೆದಿದ್ದಾನೆ. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದ ಮಕ್ಕಳು ನಮ್ಮಲ್ಲೂ ಇದ್ದಾರೆ, ಕೇಳಿದರೆ ಪ್ರತಿ ಬೀದಿಯಲ್ಲೂ ಒಬ್ಬರು ಸಿಗುತ್ತಾರೆ. ನಮ್ಮಲ್ಲೂ ಆ ಶಾಲೆಗೆ ಅರ್ಜಿ ಹಿಡಿದು ನಿಂತವರು ತಂದೆ ತಾಯಿಯೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಲಿ ಎಂಬ ಕರ್ನಾಟಕ ಸರ್ಕಾರದ 1994ರ ಆದೇಶದ ಜಗಳ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದೂ ಆಯ್ಕೆಯ ಹಕ್ಕಿನ ಮೇಲೆಯೇ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು ಕೋರ್ಟು.

ನೀಲಿ ಪುಸ್ತಕಗಳ ವಿರುದ್ಧ ವೇಲ್ಸ್ ಸಿಡಿದೆದ್ದಿತು. ಇವಾನ್ ಜೋನ್ಸ್ ಎಂಬ ಪಾದ್ರಿ ತನ್ನ ನಾಡಿನ ಹೆಂಗಸರ ಪರವಾಗಿ ಲೇಖನದ ಮೇಲೆ ಲೇಖನ ಬರೆದ, 1850ರಲ್ಲಿ ಅವರಿಗಾಗಿಯೇ ಒಂದು ಪತ್ರಿಕೆ ಶುರುಮಾಡಿದ. ವೆಲ್ಷರಲ್ಲಿ ಒಂದು ಹಳೆಯ ಕಥೆಯಿದೆ: ಔತಣಕ್ಕೆ ಕರೆದ ಸ್ಯಾಕ್ಸನ್ನರು ಅಂಗಿಯೊಳಗೆ ಅಡಗಿಸಿಟ್ಟ ಉದ್ದ ಚೂರಿಗಳಿಂದ ನಾಡಿನ ಮುಖಂಡರನ್ನೆಲ್ಲ ಕೊಂದರಂತೆ. ‘ಉದ್ದ ಚೂರಿಗಳ ದ್ರೋಹ’ ಎಂಬ ಆ ಹೆಸರನ್ನು ನೆನಪಿಸುವಂತೆ ಡರ್ವೆಲ್ ಎಂಬ ಲೇಖಕ 1854ರಲ್ಲಿ ನಾಟಕ ಬರೆದು ‘ನೀಲಿ ಪುಸ್ತಕಗಳ ದ್ರೋಹ’ ಎಂದು ಕರೆದ. ಆ ಹೆಸರು ಇಂದಿಗೂ ನಿಂತಿದೆ.

ಕೋಪ ಒಂದು ಕಡೆ ಇತ್ತು. ಅದರ ಅಡಿಯಲ್ಲಿ ನಾಚಿಕೆ ಇಳಿಯತೊಡಗಿತ್ತು. ನಾವು ಹಾಗಲ್ಲ ಎಂದು ಸಾಬೀತು ಮಾಡುವ ಆತುರದಲ್ಲಿ ಎಷ್ಟೋ ಗಣ್ಯರು ಇಂಗ್ಲಿಷನ್ನು ಅಪ್ಪಿಕೊಂಡರು. ವೆಲ್ಷ್ ಭಾನುವಾರದ ಭಾಷೆ, ಹಾಡಿನ ಭಾಷೆ. ಸೋಮವಾರದಿಂದ ಇಂಗ್ಲಿಷ್ ಎಂಬ ಹಂಚಿಕೆ ಮನಸ್ಸುಗಳಲ್ಲಿ ಆಗಿಹೋಯಿತು. ಮೆಕಾಲೆ 1835ರ ಫೆಬ್ರವರಿ 2ರಂದು ಕಲ್ಕತ್ತೆಯಲ್ಲಿ ಕೂತು ಭಾರತದ ಶಿಕ್ಷಣದ ಬಗ್ಗೆ ಬರೆದ ಟಿಪ್ಪಣಿಗೂ ಈ ನೀಲಿ ಪುಸ್ತಕಗಳಿಗೂ ನಡುವೆ ಹನ್ನೆರಡೇ ವರ್ಷದ ಅಂತರ. ಎರಡನ್ನೂ ಹೆತ್ತದ್ದು ಒಂದೇ ನಂಬಿಕೆ: ಅರಿವಿಗೆ ಒಂದೇ ಬಾಗಿಲು, ಅದರ ಮೇಲೆ ಇಂಗ್ಲಿಷ್ ಬರೆದಿದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ವೆಲ್ಷರೂ ಸಾಮ್ರಾಜ್ಯದ ಹಡಗು ಹತ್ತಿದವರೇ. 1841ರಲ್ಲಿ ಥಾಮಸ್ ಜೋನ್ಸ್ ಎಂಬ ವೆಲ್ಷ್ ಮಿಷನರಿ ಚಿರಾಪುಂಜಿಗೆ ಬಂದು ಖಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಿಸಿದ. ಅವನು ಹಾಕಿದ ಕಾಗುಣಿತ ವೆಲ್ಷ್‌ನ ರೂಢಿಯದು. ಸ್ವಂತ ನಾಡಿನ ಶಾಲೆಯಲ್ಲಿ ಜಾಗವಿಲ್ಲದ ಬರವಣಿಗೆಯ ಪದ್ಧತಿಯೊಂದು ಮೇಘಾಲಯದ ಗುಡ್ಡಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಂಗ್ಲಿಷಿನ ಕೈಗೆ ಸಿಗದ ವೇಲ್ಸ್ ಒಂದನ್ನು ಕಟ್ಟಬೇಕೆಂದು 1865ರಲ್ಲಿ ಸುಮಾರು 150 ಜನ ‘ಮಿಮೋಸಾ’ ಹಡಗಿನಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾಕ್ಕೆ ಹೋದರು. ಅಲ್ಲಿ ಕಾಲಕ್ರಮೇಣ ಸ್ಪ್ಯಾನಿಷ್ ಮೇಲಾಯಿತು.

ಅಂಕಿ ನೋಡಿದರೆ ಭಾಷೆ ಕುಸಿದದ್ದು ಹಲಗೆಯ ಕಾಲದಲ್ಲಿ ಅಲ್ಲ. 1911ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು 9,77,366, ಅದುವರೆಗಿನ ಎಲ್ಲ ಗಣತಿಗಳಿಗಿಂತ ಹೆಚ್ಚು. ಕಲ್ಲಿದ್ದಲ ಗಣಿಗಳು ಹಳ್ಳಿಯವರನ್ನು ನಾಡಿನೊಳಗೇ ಹಿಡಿದಿಟ್ಟಿದ್ದವು. ಆದರೆ ಅದೇ ಗಣಿಗಳಿಗೆ ಇಂಗ್ಲೆಂಡಿನ ಕೂಲಿಗಳೂ ಬಂದು ತುಂಬಿದ್ದರಿಂದ ಜನಸಂಖ್ಯೆಯಲ್ಲಿ ವೆಲ್ಷ್ ಬಲ್ಲವರ ಪಾಲು ಆಗಲೇ ಅರ್ಧಕ್ಕಿಂತ ಕೆಳಗಿಳಿದಿತ್ತು. ಆಮೇಲೆ ಮೊದಲ ಮಹಾಯುದ್ಧ, ಅದರ ಹಿಂದೆಯೇ ಗಣಿಗಳು ಮುಚ್ಚಿದ ಹಸಿವಿನ ವರ್ಷಗಳು. ಎರಡು ದಶಕಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕೆಲಸ ಹುಡುಕಿಕೊಂಡು ನಾಡು ಬಿಟ್ಟರು. ಉಳಿದ ಮನೆಗಳಲ್ಲಿ ಅಪ್ಪ ಅಮ್ಮ ತಮ್ಮತಮ್ಮಲ್ಲಿ ವೆಲ್ಷ್ ಆಡುತ್ತಾ ಮಕ್ಕಳ ಕಡೆ ತಿರುಗಿದಾಗ ಇಂಗ್ಲಿಷ್ ಆಡತೊಡಗಿದರು. ಆಗ ಯಾವ ಹಲಗೆಯೂ ಬೇಕಿರಲಿಲ್ಲ. 1961ರ ಹೊತ್ತಿಗೆ ವೆಲ್ಷ್ ಬಲ್ಲವರು ಶೇ 26ಕ್ಕೆ ಇಳಿದಿದ್ದರು.

ಲಾನ್ಯುಕ್‌ಲಿನ್‌ನ ಹುಡುಗ ಏನಾದ? ಓವೆನ್ ಮಾರ್ಗನ್ ಎಡ್ವರ್ಡ್ಸ್ ಆಕ್ಸ್‌ಫರ್ಡಿಗೆ ಹೋದ, ಅಲ್ಲೇ ಇತಿಹಾಸದ ಅಧ್ಯಾಪಕನಾದ. ಇಂಗ್ಲಿಷ್ ಕೊಡಬಹುದಾದದ್ದನ್ನೆಲ್ಲ ಪಡೆದ ಮೇಲೂ ಅವನ ಮನಸ್ಸು ಹಳ್ಳಿಯ ಶಾಲೆಯನ್ನು ಬಿಡಲಿಲ್ಲ. ಸಾಮಾನ್ಯ ಓದುಗರಿಗಾಗಿ ವೆಲ್ಷ್‌ನಲ್ಲಿ ಮಾಸಪತ್ರಿಕೆ ತೆಗೆದ, 1892ರಲ್ಲಿ ಮಕ್ಕಳಿಗಾಗಿಯೇ ಇನ್ನೊಂದು ತೆಗೆದ. 1907ರಲ್ಲಿ ವೇಲ್ಸ್‌ನ ಶಾಲೆಗಳ ಮುಖ್ಯ ಇನ್‌ಸ್ಪೆಕ್ಟರ್ ಆದ. ಕೊರಳಲ್ಲಿ ಹಲಗೆ ಹೊತ್ತ ಮಗು ಈಗ ಆ ನಾಡಿನ ಯಾವ ತರಗತಿಯ ಬಾಗಿಲನ್ನಾದರೂ ತಳ್ಳಿ ಒಳಗೆ ಹೋಗಿ, ಇಲ್ಲಿನ ಮಕ್ಕಳಿಗೆ ಅವರ ಭಾಷೆ ಕಲಿಸುತ್ತಿದ್ದೀರಾ ಎಂದು ಕೇಳಬಹುದಾಗಿತ್ತು. ಅವನು ಕೇಳಿದ ಕೂಡ. 1920ರಲ್ಲಿ ತೀರಿಕೊಳ್ಳುವ ತನಕ ಕೇಳುತ್ತಲೇ ಇದ್ದ.

ಮಕ್ಕಳ ಪತ್ರಿಕೆ ಮಗ ಇವಾನ್‌ನ ಕೈಗೆ ಬಂತು. 1922ರ ಆರಂಭದ ಸಂಚಿಕೆಯಲ್ಲಿ ಅವನು ವೆಲ್ಷ್ ಮಾತಾಡುವ ಮಕ್ಕಳ ಒಂದು ಬಳಗ ಕಟ್ಟೋಣ ಎಂದು ಕರೆ ಕೊಟ್ಟ. ‘ಉರ್ಥ್’ ಎಂಬ ಆ ಬಳಗ ಶಿಬಿರ, ಹಾಡು, ಆಟ, ನಾಟಕದ ಸ್ಪರ್ಧೆಗಳಿಂದ ನಾಡಿನ ತುಂಬ ಹರಡಿತು. 1935ರಲ್ಲಿ ಇವಾನ್ ಕಲ್ಲುಗಣಿ ಕಾರ್ಮಿಕನ ಕಥೆಯ ಮೇಲೆ ವೆಲ್ಷ್‌ನ ಮೊದಲ ಟಾಕಿ ಚಿತ್ರ ಮಾಡಿದ. ಮಕ್ಕಳು ಇಂಗ್ಲಿಷ್ ಸಿನಿಮಾಗಳಿಗೆ ಮುಗಿಬೀಳುತ್ತಿದ್ದ ಹೊತ್ತು. ಭಾಷೆ ಹಳೆಯ ಗ್ರಂಥಗಳಲ್ಲಿ ಉಳಿದರೆ ಸಾಲದು, ಮಕ್ಕಳಿಗೆ ಬೇಕಾದ ಹೊಸದರಲ್ಲೆಲ್ಲ ಇರಬೇಕು ಎಂಬುದನ್ನು ಅಷ್ಟು ಬೇಗ ಕಂಡುಕೊಂಡವರು ವಿರಳ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಬಾಂಬಿನ ಭಯಕ್ಕೆ ಲಿವರ್‌ಪೂಲ್‌ನಿಂದ ಸಾಗಿಸಿದ ಮಕ್ಕಳು ಅಬರಿಸ್ಟ್‌ವಿತ್ ಪಟ್ಟಣದ ಶಾಲೆಗಳನ್ನು ತುಂಬಿದವು. ಅಲ್ಲಿದ್ದ ಅಷ್ಟಿಷ್ಟು ವೆಲ್ಷ್ ಕೂಡ ಮುಳುಗಿಹೋಗುತ್ತದೆಂದು ಇವಾನ್‌ಗೆ ಅನ್ನಿಸಿತು. ಪರಸ್ಥಳದ ಆ ಮಕ್ಕಳ ಮೇಲೆ ಅವನು ಹರಿಹಾಯಲಿಲ್ಲ. ತಾನೇ ಒಂದು ಶಾಲೆ ತೆಗೆದ, ಎಲ್ಲ ಪಾಠವೂ ವೆಲ್ಷ್‌ನಲ್ಲಿ. ಏಳು ಮಕ್ಕಳು, ನೋರಾ ಐಸಾಕ್ ಎಂಬ ತರುಣ ಶಿಕ್ಷಕಿ. ಆ ಏಳರಲ್ಲಿ ಒಬ್ಬ ಇವಾನ್‌ನ ಮಗ, ಅಜ್ಜನ ಹೆಸರಿನ ಪುಟ್ಟ ಓವೆನ್. ವೆಲ್ಷ್ ಮಾಧ್ಯಮದ ಮೊದಲ ಪ್ರಾಥಮಿಕ ಶಾಲೆ ಅದು. ಇಷ್ಟು ಸಣ್ಣದಾಗಿ ಶುರುವಾದ ದೊಡ್ಡ ಕೆಲಸಗಳನ್ನು ಕಂಡರೆ ನನಗೆ ಗಂಟಲು ಕಟ್ಟುತ್ತದೆ.

ಅತ್ತ ಲಾನೆಲಿ ಬಳಿಯ ಲಾಂಗೆನ್ನೆಕ್ ಎಂಬ ಊರಿನಲ್ಲಿ ಗಂಡ ಹೆಂಡತಿ ಇಬ್ಬರು ಬೇರೊಂದು ದಾರಿ ಹಿಡಿದರು. ಟ್ರೆವರ್ ಬೀಸ್ಲಿ ಗಣಿ ಕಾರ್ಮಿಕ, ಐಲೀನ್ ಶಿಕ್ಷಕಿ. ಮನೆ ಕಂದಾಯದ ನೋಟೀಸು ವೆಲ್ಷ್‌ನಲ್ಲಿ ಬರುವ ತನಕ ಹಣ ಕಟ್ಟುವುದಿಲ್ಲ ಎಂದು 1952ರಲ್ಲಿ ನಿಂತುಬಿಟ್ಟರು. ಊರಿನ ಬಹುಪಾಲು ಜನ ಆಡುತ್ತಿದ್ದದ್ದು ವೆಲ್ಷ್. ನೋಟೀಸು ಕಳಿಸುವ ಪರಿಷತ್ತಿನ ಸದಸ್ಯರದ್ದೂ ಅದೇ ಭಾಷೆ. ಆದರೂ ಕಾಗದ ಮಾತ್ರ ಇಂಗ್ಲಿಷಿನಲ್ಲಿ. ಮತ್ತೆ ಮತ್ತೆ ಕೋರ್ಟಿಗೆ ಎಳೆದರು. ಅಮೀನರು ಜಫ್ತಿಗೆ ಬಂದು ಕುರ್ಚಿ, ಮೇಜು, ಕೊನೆಗೆ ಐಲೀನ್‌ಳ ಪಿಯಾನೋ ಕೂಡ ಹೊತ್ತುಕೊಂಡು ಹೋದರು. ಮಕ್ಕಳು ಬರಿದಾದ ಮನೆಯಲ್ಲಿ ಬೆಳೆದವು. ಎಂಟು ವರ್ಷ ಹೀಗೇ ನಡೆಯಿತು. 1960ರಲ್ಲಿ ಎರಡು ಭಾಷೆಯಲ್ಲಿ ಅಚ್ಚಾದ ನೋಟೀಸು ಬಂತು.

1965ರ ಹೊತ್ತಿಗೆ ಲಾನ್ಯುಕ್‌ಲಿನ್‌ಗೆ ದೂರವಿಲ್ಲದ ಟ್ರಿವೆರಿನ್ ಕಣಿವೆಯಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿಯ ಮನೆಗಳು, ಚಾಪೆಲ್, ಶಾಲೆ, ಅಂಚೆ ಕಚೇರಿ ಲಿವರ್‌ಪೂಲ್ ನಗರಕ್ಕೆ ನೀರು ಕೊಡುವ ಜಲಾಶಯದಲ್ಲಿ ಮುಳುಗಿದವು. ವೇಲ್ಸ್‌ನ ಸಂಸದರ ವಿರೋಧಕ್ಕೆ 1957ರಲ್ಲಿ ಪಾರ್ಲಿಮೆಂಟು ಬೆಲೆ ಕೊಡಲಿಲ್ಲ. ಲಿವರ್‌ಪೂಲ್ ಕ್ಷಮೆ ಕೇಳಿದ್ದು 2005ರಲ್ಲಿ. ಮಲೆನಾಡಿನಲ್ಲಿ ಊರು ಮುಳುಗಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1962ರ ಫೆಬ್ರವರಿ 13ರ ರಾತ್ರಿ ಸಾಂಡರ್ಸ್ ಲೂಯಿಸ್ ಎಂಬ ಹಿರಿಯ ನಾಟಕಕಾರ ಬಿಬಿಸಿ ರೇಡಿಯೊದಲ್ಲಿ ಮಾತಾಡಿದ. ಭಾಷಣದ ಹೆಸರು ‘ಭಾಷೆಯ ಹಣೆಬರಹ’. ಹೀಗೇ ಸಾಗಿದರೆ ಮುಂದಿನ ಶತಮಾನದ ಆರಂಭದ ಹೊತ್ತಿಗೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿದಿರುವುದಿಲ್ಲ ಎಂದ. ನೀಲಿ ಪುಸ್ತಕಗಳನ್ನು ನೆನಪಿಸಿದ. ಮಾದರಿಯಾಗಿ ಅವನು ತೋರಿಸಿದ್ದು ಬೀಸ್ಲಿ ದಂಪತಿಯನ್ನು. ಕೇಳಿದ ತರುಣರು ಅದೇ ವರ್ಷ ವೆಲ್ಷ್ ಭಾಷಾ ಸಂಘ ಕಟ್ಟಿದರು. 1963ರ ಫೆಬ್ರವರಿ 2ರಂದು ಅಬರಿಸ್ಟ್‌ವಿತ್‌ನಲ್ಲಿ ವೆಲ್ಷ್ ಸಮನ್ಸ್ ಬೇಕೆಂದು ಅಂಚೆ ಕಚೇರಿಗೆ ಭಿತ್ತಿಪತ್ರ ಅಂಟಿಸಿ, ಆಮೇಲೆ ಟ್ರೆವೆಖಾನ್ ಸೇತುವೆಯ ಮೇಲೆ ಕೂತು ವಾಹನ ತಡೆದರು. ಮೆಕಾಲೆ ಟಿಪ್ಪಣಿ ಬರೆದ ಅದೇ ತಾರೀಖು. ಆ ಹುಡುಗ ಹುಡುಗಿಯರಿಗೆ ಅದು ಗೊತ್ತಿದ್ದಿರಲಾರದು. ನಮ್ಮಂಥವರ ಕಣ್ಣಿಗೆ ಬೀಳುತ್ತದೆ. ನಂತರದ ವರ್ಷಗಳಲ್ಲಿ ಇಂಗ್ಲಿಷ್ ರಸ್ತೆ ಫಲಕಗಳಿಗೆ ಬಣ್ಣ ಬಳಿದು ಎಷ್ಟೋ ಜನ ಜೈಲಿಗೆ ಹೋದರು. 1967ರಲ್ಲಿ ಒಂದು ಕಾಯ್ದೆ, 1993ರಲ್ಲಿ ಇನ್ನೊಂದು ಬಂತು, 2011ರಲ್ಲಿ ವೆಲ್ಷ್‌ಗೆ ಅಧಿಕೃತ ಸ್ಥಾನ ಸಿಕ್ಕಿತು.

ನಡುವೆ ಟೆಲಿವಿಷನ್ನಿನ ಜಗಳ. ವೆಲ್ಷ್ ಚಾನೆಲ್ ಕೊಡುವುದಾಗಿ ಹೇಳಿದ್ದ ಸರ್ಕಾರ 1979ರಲ್ಲಿ ಮಾತಿಗೆ ತಪ್ಪಿತು. ವೆಲ್ಷ್ ರಾಷ್ಟ್ರೀಯ ಪಕ್ಷದ ಗ್ವಿನ್ವರ್ ಎವಾನ್ಸ್, ಎಲ್ಲರೂ ಸೌಮ್ಯ ಎಂದು ಬಲ್ಲ ಮನುಷ್ಯ, 1980ರ ಅಕ್ಟೋಬರ್ 6ರಿಂದ ಆಮರಣ ಉಪವಾಸ ಎಂದು ಸಾರಿದ. ದಿನ ಹತ್ತಿರವಾದಂತೆ ಸಭೆಗಳಲ್ಲಿ ಸಾವಿರಾರು ಜನ ಸೇರತೊಡಗಿದರು. ಸೆಪ್ಟೆಂಬರ್ 17ರಂದು ಸರ್ಕಾರ ಮಣಿಯಿತು. ಉಪವಾಸ ಶುರುವಾಗಲೇ ಇಲ್ಲ. 1982ರ ನವೆಂಬರ್ 1ರಂದು ಎಸ್‌4ಸಿ ಎಂಬ ವಾಹಿನಿ ಪ್ರಸಾರ ಆರಂಭಿಸಿತು. ಅದರ ಮೊದಲ ಮುಖ್ಯಸ್ಥ ಓವೆನ್ ಎಡ್ವರ್ಡ್ಸ್, ಹಲಗೆ ಹೊತ್ತವನ ಮೊಮ್ಮಗ, ಏಳು ಮಕ್ಕಳ ಶಾಲೆಯ ಹುಡುಗ.

2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು 5,38,000, ಶೇ 17.8. ಪಶ್ಚಿಮದ ಹಳ್ಳಿಗಳಲ್ಲಿ ರಜೆ ಕಳೆಯುವವರು ಮನೆ ಕೊಳ್ಳುತ್ತಾರೆ, ಊರಿನ ಹುಡುಗರಿಗೆ ಆ ಬೆಲೆ ಎಟುಕುವುದಿಲ್ಲ, ಹೊರಡುತ್ತಾರೆ. 2050ಕ್ಕೆ ಹತ್ತು ಲಕ್ಷ ಜನ ಎಂಬುದು ವೇಲ್ಸ್ ಸರ್ಕಾರ 2017ರಲ್ಲಿ ಹಾಕಿಕೊಂಡ ಗುರಿ. ಇನ್ನೊಂದು ಕಡೆ, ವೆಲ್ಷ್ ಬಾರದ ತಂದೆ ತಾಯಿ ಮಕ್ಕಳನ್ನು ವೆಲ್ಷ್ ಶಾಲೆಗೆ ಕಳಿಸುತ್ತಿದ್ದಾರೆ. ತಮ್ಮ ಅಜ್ಜ ಅಜ್ಜಿ ಬಿಟ್ಟುಕೊಟ್ಟದ್ದನ್ನು ಮಕ್ಕಳ ಕೈಯಿಂದ ಮರಳಿ ತರಿಸುವ ಪ್ರಯತ್ನ.

ಲಾನ್ಯುಕ್‌ಲಿನ್ ಪಕ್ಕದ ಕೆರೆಯ ದಡದಲ್ಲಿ ಉರ್ಥ್‌ನ ಶಿಬಿರ 1950ರಿಂದ ನಡೆಯುತ್ತಿದೆ. ಕಾರ್ಡಿಫ್‌ನಿಂದ, ಮುಚ್ಚಿದ ಗಣಿಗಳ ಕಣಿವೆಗಳಿಂದ ಮಕ್ಕಳು ಬಸ್ಸಿನಲ್ಲಿ ಬಂದಿಳಿಯುತ್ತಾರೆ, ದೋಣಿ ನಡೆಸುತ್ತಾರೆ. ಶಾಲೆಯಲ್ಲಿ ವೆಲ್ಷ್ ಕಲಿತ ಎಷ್ಟೋ ಮಕ್ಕಳು ತಮ್ಮತಮ್ಮಲ್ಲಿ ಆಡುವಾಗ ಇಂಗ್ಲಿಷಿಗೆ ಜಾರುತ್ತಾರೆ. ಯಾರ ಕೊರಳಿಗೂ ಏನನ್ನೂ ಕಟ್ಟುವುದಿಲ್ಲ. ಶಿಬಿರದ ಅಣ್ಣಂದಿರು, ಅಕ್ಕಂದಿರು ವೆಲ್ಷ್‌ನಲ್ಲಿ ಉತ್ತರ ಕೊಟ್ಟು ದೋಣಿಯನ್ನು ನೀರಿಗೆ ತಳ್ಳುತ್ತಾರೆ.